ಬೆಕ್ಕಿನ ಉಗುರು ತೆಗೆಸಬೇಕೇ? ಅಮ್ಮನಿಗಾಗಿ ಕೇಳುತ್ತಿದ್ದೇನೆ

ಕಿಟಕಿ ಪಕ್ಕದವಳು:

ನಮ್ಮ ಬೆಕ್ಕು ಚುಕ್ಕಿಗೆ ಒಂದೂವರೆ ವರ್ಷ. ಅಂಗೈಯಷ್ಟು ಮರಿಯಿದ್ದಾಗ ಮನೆಗೆ ಬಂದವಳು, ಹೊರಗೆ ಹೋಗುವುದಿಲ್ಲ. ಎರಡು ತಿಂಗಳ ಹಿಂದೆ ಅಮ್ಮ ನಮ್ಮ ಜೊತೆ ಇರಲು ಬಂದರು. ಅವರಿಗೆ 78 ವರ್ಷ. ಹೃದಯದ ತೊಂದರೆಯಿದೆ, ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಮುಂಗೈಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು.

ಕಳೆದ ವಾರ ಅಮ್ಮ ಮಲಗಿದ್ದಲ್ಲೇ ಹೊದಿಕೆಯೊಳಗೆ ಕಾಲು ಸರಿಸಿದರು. ಚುಕ್ಕಿ ಎಲ್ಲಿದ್ದಳೋ, ಹಾರಿ ಹಿಡಿದಳು. ಗೀರು ಒಂದು ಬೆರಳುದ್ದ, ಅಷ್ಟೇ. ಆದರೆ ರಕ್ತ ನಿಲ್ಲಲು ಅರ್ಧ ಗಂಟೆ ಹಿಡಿಯಿತು. ಒತ್ತಿ ಹಿಡಿದ ಬಟ್ಟೆಯನ್ನು ಎರಡು ಸಲ ಬದಲಾಯಿಸಿದೆ. ಅಮ್ಮ ಬೈಯಲಿಲ್ಲ. "ಪಾಪ, ಅದಕ್ಕೇನು ಗೊತ್ತು" ಎಂದರು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಬೆಕ್ಕಿಗೆ ಲಸಿಕೆ ಹಾಕಿಸುವ ಚಿಕಿತ್ಸಾಲಯದಲ್ಲಿ ಹೇಳಿದಾಗ, "ಒಂದೇ ಸಲ ಉಗುರು ತೆಗೆಸಿಬಿಡಿ, ಹದಿನೈದು ದಿನದಲ್ಲಿ ಸರಿಹೋಗುತ್ತದೆ" ಎಂದರು. ಯಜಮಾನರಿಗೆ ಅದು ಒಪ್ಪಿಗೆ. ಅಣ್ಣ ಬೆಕ್ಕನ್ನೇ ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಾನೆ. ಸೋಫಾದ ತೋಳು ಹರಿದು ಹತ್ತಿ ಹೊರಬಂದಿದೆ, ಆದರೆ ಅದರ ಚಿಂತೆ ನನಗಿಲ್ಲ. ಅಮ್ಮನದೇ ಚಿಂತೆ. ತೆಗೆಸಿದವರು ಯಾರಾದರೂ ಇದ್ದರೆ ಮುಂದೇನಾಯಿತು ಎಂದು ಹೇಳಿ. ಈ ವಾರದೊಳಗೆ ತೀರ್ಮಾನ ಮಾಡಬೇಕು.

ನೆರಳು ಬೆಳಕು:

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರಿಲ್ಲ. ಬೇಡ. ದಯವಿಟ್ಟು ಬೇಡ.

ಮೂರು ಬಾಲದ ಮನೆ:

"ಉಗುರು ತೆಗೆಸುವುದು" ಎಂಬ ಮಾತೇ ದಾರಿ ತಪ್ಪಿಸುತ್ತದೆ. ನಮ್ಮ ಉಗುರಿನಂತೆ ಅದು ಮಾಂಸದ ಮೇಲೆ ಕುಳಿತಿಲ್ಲ, ಬೆರಳ ತುದಿಯ ಮೂಳೆಯಿಂದಲೇ ಹುಟ್ಟುತ್ತದೆ. ಮತ್ತೆ ಬೆಳೆಯಬಾರದೆಂದರೆ ಆ ಮೂಳೆಯನ್ನೇ ಕತ್ತರಿಸಬೇಕು. ಮುಂಗಾಲುಗಳಲ್ಲಿ ಐದೈದು ಬೆರಳು, ಅಂದರೆ ಹತ್ತು ಕಡೆ ಕತ್ತರಿ. ಚಿಕಿತ್ಸಾಲಯದಲ್ಲಿ ಇದನ್ನು ನಿಮಗೆ ಹೇಳಿದರೇ?

ಕಿಟಕಿ ಪಕ್ಕದವಳು:

ಇಲ್ಲ. ಮೂಳೆಯ ಮಾತೇ ಬರಲಿಲ್ಲ. ಬುಡದಿಂದ ಕೀಳುತ್ತಾರೆ ಎಂದುಕೊಂಡಿದ್ದೆ.

ಬೆಕ್ಕಿನ ವೈದ್ಯೆ:

ನಾನು ಪಶುವೈದ್ಯೆ. ವೃತ್ತಿಯ ಮೊದಲ ವರ್ಷಗಳಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ನಾನೂ ಮಾಡಿದ್ದೇನೆ. ಆಮೇಲೆ ನಿಲ್ಲಿಸಿದೆ. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೇಲಿನವರು ಹೇಳಿದ್ದು ಸರಿ. ಪ್ರತಿ ಬೆರಳಿನ ಕೊನೆಯ ಗೆಣ್ಣಿನಲ್ಲಿ ಮೂಳೆಯನ್ನು ಬೇರ್ಪಡಿಸಿ ತೆಗೆಯುತ್ತಾರೆ. ಬ್ಲೇಡಿನಿಂದ, ಕತ್ತರಿಯಂಥ ಸಾಧನದಿಂದ ಅಥವಾ ಲೇಸರ್‌ನಿಂದ. ಲೇಸರ್‌ನಲ್ಲಿ ರಕ್ತಸ್ರಾವ ಕಡಿಮೆ, ಆದರೆ ಹೋಗುವುದು ಅದೇ ಮೂಳೆ. ಬೆಕ್ಕು ನಮ್ಮ ಹಾಗೆ ಇಡೀ ಪಾದ ಊರಿ ನಡೆಯುವುದಿಲ್ಲ, ಬೆರಳುಗಳ ಮೇಲೆ ನಡೆಯುತ್ತದೆ. ತುದಿ ಹೋದ ಮೇಲೆ ಮೈಭಾರ ಬೀಳುವ ಜಾಗ ಬದಲಾಗುತ್ತದೆ, ಭಾರ ಹಿಂದಕ್ಕೆ ಸರಿಯುತ್ತದೆ, ಬೆನ್ನು ಆ ಬದಲಾವಣೆಯನ್ನು ಹೊರಬೇಕಾಗುತ್ತದೆ.

ನನ್ನ ಕೈಯಲ್ಲಿ ಆದ ಒಂದು ಬೆಕ್ಕು ಇನ್ನೂ ಕಣ್ಣ ಮುಂದಿದೆ. ಅರಿವಳಿಕೆ ಇಳಿದು ಎದ್ದಿತು. ಎರಡೂ ಮುಂಗಾಲುಗಳಿಗೆ ಬಿಳಿ ಪಟ್ಟಿ. ಬಲಗಾಲನ್ನು ಎತ್ತಿತು. ಭಾರ ಎಡಗಾಲಿಗೆ ಬಿದ್ದ ಕೂಡಲೇ ಅದನ್ನು ಎತ್ತಿ ಬಲಗಾಲನ್ನು ಊರಿತು. ಮತ್ತೆ ಅದನ್ನೂ ಎತ್ತಿತು. ಹೀಗೆ ಐದಾರು ಸಲ ಮಾಡಿ, ಪಂಜರದ ಮೂಲೆಗೆ ಬೆನ್ನು ಕೊಟ್ಟು ಕುಳಿತು ಎರಡೂ ಕಾಲುಗಳನ್ನು ಎದೆಯ ಹತ್ತಿರ ಮಡಚಿಕೊಂಡಿತು. ಒಂದು ಕಾಲು ನೊಂದ ಬೆಕ್ಕು ಕುಂಟುತ್ತದೆ, ನಮಗೆ ಗೊತ್ತಾಗುತ್ತದೆ. ಎರಡೂ ಕಾಲು ಒಂದೇ ಸಮ ನೊಂದರೆ ಯಾವ ಕಡೆಗೆ ಕುಂಟಬೇಕು? ಅದು ಕುಂಟುವುದಿಲ್ಲ. ಮನೆಯವರು "ಕುಂಟುತ್ತಿಲ್ಲ, ಸರಿಹೋಗಿದೆ" ಎನ್ನುತ್ತಾರೆ. "ಹದಿನೈದು ದಿನದಲ್ಲಿ ಸರಿಹೋಗುತ್ತದೆ" ಎಂಬ ಮಾತಿನ ಹಿಂದೆ ಇದೂ ಇದೆ. ಗಾಯ ಮಾಯುತ್ತದೆ, ನಿಜ. ನೋವು ಹೋಯಿತೆಂದು ಅದರ ಅರ್ಥವಲ್ಲ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉಗುರು ತೆಗೆಸಿದ 137 ಬೆಕ್ಕುಗಳನ್ನೂ ಉಗುರಿರುವ 137 ಬೆಕ್ಕುಗಳನ್ನೂ ಹೋಲಿಸಿ ನೋಡಿದ್ದರು. ತೆಗೆಸಿದವುಗಳಲ್ಲಿ ಶೇಕಡಾ 63ರಷ್ಟರ ಬೆರಳುಗಳಲ್ಲಿ ಮೂಳೆಯ ಚೂರು ಉಳಿದಿರುವುದು ಎಕ್ಸ್‌ರೇಯಲ್ಲಿ ಕಂಡಿತು. ಬೆನ್ನುನೋವು, ಮಲಮೂತ್ರಕ್ಕೆಂದು ಮರಳು ಹಾಕಿಟ್ಟ ತಟ್ಟೆಯ ಹೊರಗೆ ಗಲೀಜು ಮಾಡುವುದು, ಕಚ್ಚುವುದು ಮೂರೂ ಅವುಗಳಲ್ಲಿ ಹೆಚ್ಚು. ನಿಮ್ಮ ಮನೆಗೆ ಮುಖ್ಯವಾದದ್ದು ಆ ಕೊನೆಯದು.

ನಾನು ಈಗ ಈ ಶಸ್ತ್ರಚಿಕಿತ್ಸೆ ಮಾಡುವುದು ಉಗುರಿನ ಬುಡದಲ್ಲಿ ಗಡ್ಡೆಯಾದಾಗ, ಅಥವಾ ಯಾವ ಔಷಧಕ್ಕೂ ಬಗ್ಗದ ಸೋಂಕಿದ್ದಾಗ ಮಾತ್ರ. ಅದೂ ಆ ಒಂದು ಬೆರಳಿಗೆ.

ಹಳೆಯ ಸೋಫಾ:

ತೆಗೆಸಿದವರು ಹೇಳಿ ಎಂದು ಕೇಳಿದ್ದೀರಿ. ಬೈಗುಳ ತಿನ್ನುತ್ತೇನೆಂದು ಗೊತ್ತಿದ್ದೂ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ನಮ್ಮ ಬೆಕ್ಕಿಗೆ ಮುಂಗಾಲಿನ ಉಗುರು ತೆಗೆಸಿದ್ದೆವು. ಆಗ ಅದು ಸಾಮಾನ್ಯ ಸಂಗತಿಯಾಗಿತ್ತು, ಬೇಡವೆಂದು ಯಾರೂ ಹೇಳಲಿಲ್ಲ. ಆಮೇಲೂ ಹದಿಮೂರು ವರ್ಷ ಬದುಕಿತು. ತಟ್ಟೆ ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ಯಾರನ್ನೂ ಕಚ್ಚಲಿಲ್ಲ. ನನ್ನ ಹೊಟ್ಟೆಯ ಮೇಲೆ ಮಲಗುತ್ತಿತ್ತು.

ಎಲ್ಲ ಬೆಕ್ಕೂ ಹಾಳಾಗುತ್ತದೆ ಎಂದರೆ ನಾನು ಒಪ್ಪುವುದಿಲ್ಲ. ಬೆಕ್ಕನ್ನು ಬೀದಿಗೆ ಬಿಡುವುದು, ಉಗುರು ತೆಗೆಸುವುದು, ಇವೆರಡೇ ದಾರಿ ಉಳಿದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಬೆಕ್ಕಿನ ವೈದ್ಯೆ:

ಬೈಯುವುದಿಲ್ಲ. ಎಲ್ಲ ಬೆಕ್ಕೂ ಹಾಳಾಗುವುದಿಲ್ಲ ಎಂಬುದು ನಿಜ, ನಿಮ್ಮ ಬೆಕ್ಕು ನಿಮ್ಮೊಂದಿಗೆ ಸುಖವಾಗಿತ್ತೆಂದೂ ನಂಬುತ್ತೇನೆ. ಆದರೆ ಯಾವ ಬೆಕ್ಕಿಗೆ ತೊಂದರೆಯಾಗುತ್ತದೆ ಎಂದು ಮೊದಲೇ ಹೇಳಲು ನನಗೆ ಬರುವುದಿಲ್ಲ, ತೆಗೆದ ಮೂಳೆಯನ್ನು ಮತ್ತೆ ಕೂಡಿಸಲೂ ಬರುವುದಿಲ್ಲ. ಒಂದು ಕೇಳಲೇ? ಕೊನೆಯ ವರ್ಷಗಳಲ್ಲಿ ಎತ್ತರಕ್ಕೆ ಹಾರುತ್ತಿತ್ತೇ?

ಹಳೆಯ ಸೋಫಾ:

ಏಳೆಂಟು ವರ್ಷವಾದ ಮೇಲೆ ಹಾರುವುದು ಬಿಟ್ಟಿತ್ತು. ಮಂಚಕ್ಕೆ ನಾವೇ ಎತ್ತಿ ಹಾಕುತ್ತಿದ್ದೆವು. ವಯಸ್ಸಾಯಿತು ಎಂದುಕೊಂಡಿದ್ದೆವು. ಇರಬಹುದು, ಇಲ್ಲದೆಯೂ ಇರಬಹುದು. ಕೇಳಬಾರದಿತ್ತು ಎನ್ನಲಾರೆ.

ತುಂಬು ಮಡಿಲು:

ನಾನು ಬೇರೆಯವರು ಬಿಟ್ಟುಹೋದ ಬೆಕ್ಕುಗಳನ್ನು ಸಾಕುತ್ತೇನೆ. ಬೂದಿ ಎಂಬ ಬೆಕ್ಕು ಉಗುರಿಲ್ಲದೆಯೇ ನನ್ನ ಬಳಿ ಬಂತು. ಅದನ್ನು ಬಿಟ್ಟವರು ಕೊಟ್ಟ ಕಾರಣ: "ಮನೆಯೆಲ್ಲ ಮೂತ್ರ ಮಾಡುತ್ತದೆ." ಉಗುರು ತೆಗೆಸಿದರೆ ಬೆಕ್ಕು ಮನೆಯಲ್ಲಿ ಉಳಿಯುತ್ತದೆ ಎನ್ನುವವರು ಇದನ್ನು ಗಮನಿಸಬೇಕು. ಉಗುರು ತೆಗೆಸಿದ್ದಕ್ಕಾಗಿಯೇ ಅದು ಮನೆ ಕಳೆದುಕೊಂಡಿತ್ತು.

ಮೊದಲ ವಾರ ಅದು ತಟ್ಟೆಗೆ ಹೇಗೆ ಹೋಗುತ್ತದೆಂದು ನೆಲದ ಮೇಲೆ ಕುಳಿತು ನೋಡಿದೆ. ಹಿಂಗಾಲು ಒಳಗೆ, ಎರಡು ಮುಂಗಾಲೂ ತಟ್ಟೆಯ ಅಂಚಿನ ಮೇಲೆ. ಹರಳು ಹರಳಾದ ಮರಳನ್ನು ಮುಂಗಾಲಿನಿಂದ ತುಳಿಯಲು ಅದು ತಯಾರಿರಲಿಲ್ಲ. ಕೆದಕಿ ಮುಚ್ಚುವ ಅಭ್ಯಾಸ ಬಿಡದೆ, ತಟ್ಟೆಯ ಪಕ್ಕದ ಗೋಡೆಯನ್ನು ಸವರಿ ಹೋಗುತ್ತಿತ್ತು. ಮರಳನ್ನು ತೆಗೆದು ನುಣುಪಾದ ಕಾಗದದ ಚೂರು ಹಾಕಿದೆ, ಅಂಚು ತಗ್ಗಿರುವ ಅಗಲ ತಟ್ಟೆ ತಂದೆ. ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ಸರಿಹೋಯಿತು.

ಕಚ್ಚುವುದು ಮಾತ್ರ ಹೋಗಲಿಲ್ಲ. ಉಗುರಿರುವ ಬೆಕ್ಕಿಗೆ ಸಿಟ್ಟು ಬಂದರೆ ಬಾಲ ಬಡಿಯುತ್ತದೆ, ಕಿವಿ ಮಲಗಿಸುತ್ತದೆ, ಪಂಜ ಬೀಸುತ್ತದೆ, ಕೊನೆಗೆ ಕಚ್ಚುತ್ತದೆ. ಬೂದಿಗೆ ಪಂಜ ಬೀಸಿ ಉಪಯೋಗವಿಲ್ಲವೆಂದು ಗೊತ್ತು. ಮಧ್ಯದ ಮೆಟ್ಟಿಲನ್ನು ಯಾರೋ ಕಿತ್ತುಹಾಕಿದ್ದಾರೆ. ಕಿವಿ ಮಲಗಿಸಿದ ಮರುಕ್ಷಣ ಹಲ್ಲು.

ರಾತ್ರಿ ಪಾಳಿ:

ನಾನು ಶುಶ್ರೂಷಕ. ನಿಮ್ಮ ಅಮ್ಮನ ದೃಷ್ಟಿಯಿಂದ ಹೇಳುತ್ತೇನೆ. ಗೀರಿನಿಂದ ರಕ್ತ ಬರುತ್ತದೆ, ನೋಡಿದರೆ ಹೆದರಿಕೆಯಾಗುತ್ತದೆ. ಆದರೆ ಗೀರು ತೆರೆದ ಗಾಯ, ತೊಳೆಯಬಹುದು. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಮೇಲೆ ಚಿಕ್ಕ ತೂತು, ಅದು ಬೇಗ ಮುಚ್ಚಿಕೊಳ್ಳುತ್ತದೆ, ಬಾಯಿಯ ಕ್ರಿಮಿಗಳು ಒಳಗೇ ಉಳಿಯುತ್ತವೆ. ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಒಂದೇ ದಿನದಲ್ಲಿ ಕೈ ಊದಿಕೊಂಡು ಬಂದವರನ್ನು ನೋಡಿದ್ದೇನೆ. ಗೀರುವ ಬೆಕ್ಕನ್ನು ಕಚ್ಚುವ ಬೆಕ್ಕಾಗಿ ಮಾಡುವ ಸಾಧ್ಯತೆಯಿರುವ ಕೆಲಸ ವಯಸ್ಸಾದವರ ರಕ್ಷಣೆಗೆ ಹೇಗೆ ಆದೀತು?

ಗೀರಿನಿಂದ ಬರುವ ಜ್ವರದ ಭಯವಿದ್ದರೆ: ಅದರ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟದಿಂದ. ಚಿಗಟದ ಹಿಕ್ಕೆ ಉಗುರಿಗೆ ಅಂಟಿಕೊಂಡು ಗಾಯ ಸೇರುತ್ತದೆ. ಆದ್ದರಿಂದ ಚಿಗಟಕ್ಕೆ ತಪ್ಪದೆ ಔಷಧ ಹಾಕಿ. ರೋಗನಿರೋಧಕ ಶಕ್ತಿ ಕುಂದಿದ ಎಚ್‌ಐವಿ ರೋಗಿಗಳಿಗಾಗಿ ಅಮೆರಿಕದಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಬೆಕ್ಕಿನ ಉಗುರು ತೆಗೆಸಲು ಹೇಳಿಲ್ಲ, ಒರಟು ಆಟ ಬೇಡ, ಚಿಗಟ ನಿಯಂತ್ರಿಸಿ ಎಂದೇ ಇದೆ.

ಗೀರಾದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಆಮೇಲೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ನೀವು ಎರಡು ಸಲ ಬಟ್ಟೆ ಬದಲಾಯಿಸಿದಾಗ ಕಟ್ಟುತ್ತಿದ್ದ ಹೆಪ್ಪು ಕಿತ್ತುಬಂದಿರಬಹುದು. ಮುಂದಿನ ಸಲ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಡಿ. ಅಮ್ಮನ ಮಾತ್ರೆ ಕೊಡುವ ವೈದ್ಯರಿಗೆ ಮನೆಯಲ್ಲಿ ಬೆಕ್ಕಿದೆ ಎಂದು ತಿಳಿಸಿ. ಬೆಕ್ಕಿನ ರೇಬೀಸ್ ಲಸಿಕೆ ತಪ್ಪಬಾರದು.

ಕಿಟಕಿ ಪಕ್ಕದವಳು:

ಕಚ್ಚುವುದರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಯಜಮಾನರಿಗೂ ಓದಿಸಿದೆ. ಅವರು ಈಗ, ಮೂಳೆ ಮುಟ್ಟದೆ ಒಳಗಿನ ಸ್ನಾಯುರಜ್ಜುವನ್ನು ಮಾತ್ರ ಕತ್ತರಿಸುವ ವಿಧಾನವೂ ಇದೆಯಂತೆ, ಅದನ್ನು ಕೇಳು ಎನ್ನುತ್ತಿದ್ದಾರೆ.

ಬೆಕ್ಕಿನ ವೈದ್ಯೆ:

ಇದೆ, ಬೇಡ. ಉಗುರು ಇರುತ್ತದೆ, ಹೊರಚಾಚಲು ಬರುವುದಿಲ್ಲ. ಹೊರಚಾಚಿ ಕೆರೆಯದಿದ್ದರೆ ಹಳೆಯ ಪೊರೆ ಕಳಚುವುದಿಲ್ಲ. ಉಗುರು ದಪ್ಪವಾಗಿ ಬಾಗಿ ಪಾದದ ಮೆತ್ತೆಗೇ ಚುಚ್ಚಿಕೊಳ್ಳಬಹುದು. ಅದು ಬದುಕಿರುವಷ್ಟು ಕಾಲ ನೀವು ಬಿಡದೆ ಉಗುರು ಕತ್ತರಿಸುತ್ತಿರಬೇಕು. ಹೇಗೂ ಕತ್ತರಿಸಲೇಬೇಕೆಂದರೆ ಶಸ್ತ್ರಚಿಕಿತ್ಸೆ ಯಾಕೆ? ಇವತ್ತೇ ನೇಲ್ ಕಟರ್ ಹಿಡಿಯಬಹುದಲ್ಲ.

ದಾರಿಹೋಕ:

ಇದು ಕಾನೂನಿನಲ್ಲಿ ತಪ್ಪಲ್ಲವೇ?

ಮೂರು ಬಾಲದ ಮನೆ:

ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ಚಿಕಿತ್ಸೆಯ ಕಾರಣವಿಲ್ಲದೆ ಮಾಡುವಂತಿಲ್ಲ. ಇಸ್ರೇಲ್ 2011ರಲ್ಲಿ ನಿಷೇಧಿಸಿತು. ಅಮೆರಿಕದಲ್ಲಿ ಮೊದಲು ಹೆಜ್ಜೆಯಿಟ್ಟದ್ದು 2003ರಲ್ಲಿ ವೆಸ್ಟ್ ಹಾಲಿವುಡ್ ನಗರ, ರಾಜ್ಯಗಳಲ್ಲಿ 2019ರಲ್ಲಿ ನ್ಯೂಯಾರ್ಕ್ ಮೊದಲನೆಯದು. ಯುರೋಪಿನ ಸಾಕುಪ್ರಾಣಿ ರಕ್ಷಣಾ ಒಪ್ಪಂದ 1987ರಷ್ಟು ಹಿಂದೆಯೇ ಇದನ್ನು ಬೇಡವೆಂದಿತ್ತು.

ಆದರೆ ಇವರಿಗೆ ಬೇಕಿರುವುದು ನಾಳೆ ಬೆಳಿಗ್ಗೆ ಏನು ಮಾಡುವುದು ಎಂಬುದು. ನಾನು ನನ್ನ ಮೂರು ಬೆಕ್ಕುಗಳಿಗೆ ಮಾಡುವುದನ್ನು ಬರೆಯುತ್ತೇನೆ.

ಮೊದಲ ದಿನ ಕತ್ತರಿಸಬೇಡಿ. ಚುಕ್ಕಿ ಹೊಟ್ಟೆ ತುಂಬಿ ತೂಕಡಿಸುತ್ತಿರುವಾಗ ಪಾದ ಹಿಡಿದು ಬಿಡಿ, ತಿನ್ನಲು ಏನಾದರೂ ಇಷ್ಟವಾದದ್ದು ಕೊಡಿ. ಎರಡು ಮೂರು ದಿನ ಇಷ್ಟೇ. ಆಮೇಲೆ ಹೆಬ್ಬೆರಳನ್ನು ಬೆರಳ ಮೇಲೆ, ತೋರುಬೆರಳನ್ನು ಕೆಳಗಿನ ಮೆತ್ತೆಯ ಮೇಲೆ ಇಟ್ಟು ಮೃದುವಾಗಿ ಒತ್ತಿ. ಉಗುರು ತಾನೇ ಹೊರಬರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ತಿಳಿಗುಲಾಬಿ ಬಣ್ಣದ ಭಾಗ ಕಾಣುತ್ತದೆ. ಅದು ಜೀವವಿರುವ ಭಾಗ, ನರ, ರಕ್ತನಾಳ ಎಲ್ಲ ಅಲ್ಲಿವೆ. ಅದನ್ನು ಮುಟ್ಟದೆ ತುದಿಯ ಕೊಕ್ಕೆಯನ್ನಷ್ಟೇ ತೆಗೆಯಿರಿ. ಉಗುರು ಕಪ್ಪಾಗಿದ್ದು ಒಳಗೆ ಕಾಣದಿದ್ದರೆ ಕೂದಲೆಳೆಯಷ್ಟೇ ಸಾಕು. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಒಂದು ದಿನಕ್ಕೆ ಎರಡೇ ಉಗುರಾದರೂ ಚಿಂತೆಯಿಲ್ಲ. ಮುಂಗಾಲಿನ ಒಳಬದಿಯಲ್ಲಿ ಮೇಲಕ್ಕಿರುವ ಐದನೆಯ ಉಗುರನ್ನು ಮರೆಯಬೇಡಿ. ಅದು ನೆಲಕ್ಕೆ ತಾಗದು, ಸವೆಯದು, ಸುತ್ತಿಕೊಂಡು ಚರ್ಮಕ್ಕೆ ಚುಚ್ಚುತ್ತದೆ.

ಎರಡು ಮೂರು ವಾರಕ್ಕೊಮ್ಮೆ ಮಾಡಿದರೆ ಸಾಕು. ನಿಮ್ಮ ಮನೆಯಲ್ಲಿ ಅಮ್ಮ ಇರುವುದರಿಂದ ಹತ್ತು ದಿನಕ್ಕೊಮ್ಮೆ ನೋಡಿ. ಮೊಂಡಾದ ಉಗುರು ತಾಗಿದರೆ ಬಿಳಿ ಗೆರೆ ಬೀಳುತ್ತದೆ, ಚರ್ಮ ಸೀಳುವುದು ಕಡಿಮೆ.

ಉಗುರಿನ ಮೇಲೆ ಅಂಟಿಸುವ ಮೆತ್ತನೆಯ ಪ್ಲಾಸ್ಟಿಕ್ ಟೊಪ್ಪಿಗೆಗಳೂ ಸಿಗುತ್ತವೆ. ನಾಲ್ಕರಿಂದ ಆರು ವಾರದಲ್ಲಿ ಉಗುರಿನ ಜೊತೆ ತಾವೇ ಬೀಳುತ್ತವೆ. ನನ್ನ ಒಂದು ಬೆಕ್ಕು ಸಹಿಸಿತು, ಇನ್ನೊಂದು ರಾತ್ರಿಯಿಡೀ ಕಚ್ಚಿ ಕಿತ್ತಿತು. ಅಮ್ಮನ ಮಟ್ಟಿಗೆ ಪ್ರಯತ್ನಿಸಬಹುದು.

ಬೆಕ್ಕಿನ ವೈದ್ಯೆ:

ಇದಕ್ಕೆ ಒಂದು ಸೇರಿಸುತ್ತೇನೆ. ಹೊದಿಕೆಯೊಳಗಿನ ಕಾಲಿಗೆ ಹಾರಿದ್ದು ಸಿಟ್ಟಿನಿಂದಲ್ಲ, ಬೇಟೆಯಾಟ. ಒಂದೂವರೆ ವರ್ಷದ ಬೆಕ್ಕು, ಹೊರಗೆ ಹೋಗುವುದಿಲ್ಲ, ಮನೆಯಲ್ಲಿ ಅಲುಗಾಡುವ ವಸ್ತು ಅಮ್ಮನ ಕಾಲೊಂದೇ. ಕೋಲಿಗೆ ದಾರ, ದಾರದ ತುದಿಗೆ ಗರಿ ಕಟ್ಟಿ ಬೆಳಿಗ್ಗೆ ಸಂಜೆ ಹತ್ತು ಹದಿನೈದು ನಿಮಿಷ ಓಡಿಸಿ. ಕೊನೆಗೊಮ್ಮೆ ಹಿಡಿಯಲು ಬಿಡಿ, ಕೂಡಲೇ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ. ಆ ಸರಣಿ ಮುಗಿದ ಬೆಕ್ಕು ಕಾಲಿನ ತಂಟೆಗೆ ಬರುವುದು ಅಪರೂಪ. ಅಮ್ಮ ಮಲಗುವ ಮುಂಚೆ ಇದಾಗಬೇಕು, ರಾತ್ರಿ ಅವರ ಕೋಣೆಯ ಬಾಗಿಲು ಮುಚ್ಚಿರಲಿ. ಕೈಯಿಂದ, ಕಾಲಿನಿಂದ ಆಡಿಸುವುದನ್ನು ಮನೆಯವರೆಲ್ಲರೂ ಬಿಡಬೇಕು.

ಕಿಟಕಿ ಪಕ್ಕದವಳು:

ಯಜಮಾನರು ಮರಿಯಿದ್ದಾಗಿನಿಂದ ಹೊದಿಕೆಯೊಳಗೆ ಕಾಲು ಅಲುಗಿಸಿಯೇ ಆಡಿಸುತ್ತಿದ್ದರು. ಈಗ ಅರ್ಥವಾಯಿತು. ಅವರಿಗೂ ಅರ್ಥವಾಗಿದೆ, ಸುಮ್ಮನೆ ಎದ್ದು ಹೋಗಿ ದಾರ ಹುಡುಕುತ್ತಿದ್ದಾರೆ.

ಉಳಿ ಸುತ್ತಿಗೆ:

ನಾನು ಮರಗೆಲಸದವ. ಸೋಫಾದ ಚಿಂತೆ ಇಲ್ಲವೆಂದರೂ ಕೇಳಿ. ಕೆರೆಯುವುದು ಬೆಕ್ಕಿಗೆ ಚಟವಲ್ಲ. ಹಳೆಯ ಪೊರೆ ಕಳಚಬೇಕು, ಬೆನ್ನು ಭುಜ ಸೆಟೆಸಬೇಕು, ಪಾದದ ಬೆವರಿನ ವಾಸನೆ ಬಿಟ್ಟು ಇದು ನನ್ನ ಜಾಗ ಎನ್ನಬೇಕು. ಒಂದು ಕಂಬ ಮಾಡಿಕೊಡಿ. ಜನ ಮಾಡುವ ತಪ್ಪು ಎರಡು. ಕಂಬ ಗಿಡ್ಡವಾಗಿರುತ್ತದೆ, ಬುಡ ಅಲುಗಾಡುತ್ತದೆ. ಬೆಕ್ಕು ಮೈ ಪೂರ್ತಿ ಚಾಚಿ ನಿಲ್ಲುವಷ್ಟು, ಅಂದರೆ ಮೂರು ಅಡಿ ಎತ್ತರ ಬೇಕು. ಬುಡದ ಹಲಗೆ ಒಂದೂವರೆ ಅಡಿ ಚೌಕ, ಭಾರವಾದದ್ದು. ಒಂದು ಸಲ ವಾಲಿದರೆ ಮತ್ತೆ ಅದು ಹತ್ತಿರ ಬರುವುದಿಲ್ಲ. ಒರಟು ನಾರಿನ ಹಗ್ಗವನ್ನು ಸಂದಿಲ್ಲದಂತೆ ಬಿಗಿಯಾಗಿ ಸುತ್ತಿ, ಎರಡು ತುದಿಗೂ ಮೊಳೆ ಹೊಡೆದು ಮೊಳೆಯ ತಲೆ ಒಳಗೆ ಹೋಗುವಂತೆ ಮಾಡಿ.

ಇಡಬೇಕಾದದ್ದು ಮೂಲೆಯಲ್ಲಲ್ಲ. ಹರಿದ ಸೋಫಾ ತೋಳಿನ ಮುಂದೆಯೇ. ಸೋಫಾಗೆ ಕೆಲವು ವಾರ ಎರಡು ಬದಿ ಅಂಟುವ ಟೇಪು ಹಚ್ಚಿ.

ಕಿಟಕಿ ಪಕ್ಕದವಳು:

ಐದು ವಾರವಾಯಿತು, ಬರೆಯುತ್ತೇನೆಂದು ಹೇಳಿದ್ದೆ.

ಉಗುರು ತೆಗೆಸಲಿಲ್ಲ. ಕಂಬವನ್ನು ಅಣ್ಣನೇ ಮಾಡಿಕೊಟ್ಟ. ಮೊದಲ ನಾಲ್ಕು ದಿನ ಚುಕ್ಕಿ ಅದರ ಸುತ್ತ ನಡೆದು ಸೋಫಾಗೇ ಹೋಗುತ್ತಿದ್ದಳು, ಟೇಪಿಗೆ ಪಾದ ಅಂಟಿ ಕೊಡವಿಕೊಂಡು ಹಿಂದೆ ಸರಿಯುತ್ತಿದ್ದಳು. ಐದನೆಯ ದಿನ ನಿದ್ದೆಯಿಂದ ಎದ್ದು ಕಂಬಕ್ಕೆ ಎರಡು ಕೈ ಎತ್ತಿ ಬೆನ್ನು ಬಿಲ್ಲಿನಂತೆ ಮಾಡಿ ಎಳೆದಳು. ಉಗುರು ಕತ್ತರಿಸುವುದು ಇನ್ನೂ ಸಲೀಸಾಗಿಲ್ಲ, ದಿನಕ್ಕೆ ಮೂರು ಆಗುತ್ತದೆ. ಯಜಮಾನರು ಸಂಜೆ ಗರಿ ಓಡಿಸುತ್ತಾರೆ. ಅಮ್ಮನ ವೈದ್ಯರು ಬೆಕ್ಕು ಇರಲಿ, ಮಲಗುವಾಗ ದಪ್ಪ ಕಾಲುಚೀಲ ಹಾಕಿಕೊಳ್ಳಿ ಎಂದರು. ಈ ಐದು ವಾರದಲ್ಲಿ ಒಂದೇ ಗೀರು, ನನ್ನ ಕೈಗೆ, ಉಗುರು ಕತ್ತರಿಸುವಾಗ.

ನಿನ್ನೆ ಅಮ್ಮ ಗಾಬರಿಯಿಂದ ಕರೆದರು. ಕಂಬದ ಬುಡದಲ್ಲಿ ಒಂದು ಉಗುರು ಬಿದ್ದಿದೆ, ಬೆಕ್ಕಿಗೆ ಏನೋ ಆಗಿದೆ ಎಂದು. ಎತ್ತಿ ನೋಡಿದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅರ್ಧಚಂದ್ರದಂತೆ ಬಾಗಿದ್ದು, ಒಳಗೆ ಟೊಳ್ಳು. ಕಳಚಿದ ಪೊರೆ. ಹಾವಿನ ಪೊರೆಯ ಹಾಗೆಯೇ ಎಂದು ಹೇಳಿದ ಮೇಲೆ ಅಮ್ಮ ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟುಕೊಂಡಿದ್ದಾರೆ. ಇವತ್ತು ಇನ್ನೊಂದು ಸಿಕ್ಕಿತಂತೆ.

ಕಂಬದ ಹಗ್ಗ ಮೇಲ್ಭಾಗದಲ್ಲಿ ಆಗಲೇ ಎಳೆ ಬಿಟ್ಟಿದೆ. ಹೊಸದು ಸುತ್ತಲೇ?

ಉಳಿ ಸುತ್ತಿಗೆ:

ಈಗಲೇ ಬೇಡ. ಅವಳ ವಾಸನೆ ಕುಳಿತಿರುವುದು ಆ ಹರಿದ ಭಾಗದಲ್ಲೇ. ಮೊಳೆ ಕಾಣುವವರೆಗೆ ಅದೇ ಹಗ್ಗ ಇರಲಿ. ಕಂಬವನ್ನೂ ಸರಿಸಬೇಡಿ.